ಭೂಕಂಪಕ್ಕೆ ಮುಂಚೆ ಆಕಾಶದಲ್ಲಿ ಸುಳಿವು ಸಿಗುತ್ತದಾ? ನನ್ನ ಮಾಡೆಲ್‌ನಲ್ಲಿ ಎಲ್ಲಿ ತಪ್ಪಿದೆ ಹೇಳಿ

ಭೀಮಾತೀರ

ಎಲ್ಲರಿಗೂ ನಮಸ್ಕಾರ. ಊರು ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲೂಕು. ಕೆಲಸ ಬೆಂಗಳೂರಲ್ಲಿ, ದಿನವಿಡೀ ಡೇಟಾ ಜೊತೆಗೇ ಒಡನಾಟ.

2021ರ ಅಕ್ಟೋಬರ್‌ನಲ್ಲಿ ಗಡಿಕೇಶ್ವರದ ಸುತ್ತ ನೆಲ ಪದೇ ಪದೇ ಅದುರಿತ್ತು. ಮೊದಲು ನೆಲದೊಳಗಿಂದ ಗುಡುಗಿದ ಹಾಗೆ ಸದ್ದು, ಹಿಂದೆಯೇ ಪಾತ್ರೆಗಳು ಅಲ್ಲಾಡುವುದು. ದೊಡ್ಡದೆಂದರೂ ತೀವ್ರತೆ 4ರ ಆಸುಪಾಸು. ಆದರೂ ನಮ್ಮವ್ವ, ಕಾಕಾ, ಮಕ್ಕಳು ಎಲ್ಲರೂ ರಾತ್ರಿ ಅಂಗಳದಲ್ಲೇ ಮಲಗಿದರು. ಅವ್ವನ ಹೆದರಿಕೆಗೆ ಕಾರಣ ಇತ್ತು. ಮಹಾರಾಷ್ಟ್ರದ ಕಿಲ್ಲಾರಿಯಲ್ಲೂ 1992ರಲ್ಲಿ ಹೀಗೇ ಸಣ್ಣ ಸಣ್ಣ ಕಂಪನ ಬಂದು ನಿಂತಿದ್ದವು. ಜನ ಮನೆಯೊಳಗೆ ಮಲಗಲು ಶುರು ಮಾಡಿದರು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ 6.2ರ ಭೂಕಂಪ ಬಂತು. ಸುಮಾರು ಹತ್ತು ಸಾವಿರ ಜನ ಹೋದರು.

ಆ ಅಕ್ಟೋಬರ್‌ನಿಂದ ಒಂದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಮುಂಚೆ ಏನಾದರೂ ಗೊತ್ತಾಗುವುದಿಲ್ಲವಾ?

ಭೂಕಂಪಕ್ಕೆ ಕೆಲವು ದಿನ ಮುಂಚೆ ಅಯಾನುಗೋಳದಲ್ಲಿ ಏರುಪೇರು ಕಾಣುತ್ತದೆ ಎನ್ನುವ ಲೇಖನಗಳನ್ನು ಓದಿದೆ. ಜಗತ್ತಿನ ಟಿಇಸಿ ನಕ್ಷೆಗಳು ಉಚಿತವಾಗಿ ಸಿಗುತ್ತವೆ. 6ಕ್ಕಿಂತ ದೊಡ್ಡ ಭೂಕಂಪಗಳ ಪಟ್ಟಿ ತೆಗೆದುಕೊಂಡೆ. ಪ್ರತಿ ಭೂಕಂಪದ ಹಿಂದಿನ ಐದು ದಿನಕ್ಕೆ ‘ಹೌದು’, ಉಳಿದ ದಿನಗಳಿಗೆ ‘ಇಲ್ಲ’ ಎಂದು ಗುರುತು ಹಾಕಿ ಒಂದು ಎಲ್‌ಎಸ್‌ಟಿಎಂ ಮಾಡೆಲ್‌ಗೆ (ದಿನದಿನದ ಸರಣಿಯಿಂದ ಕಲಿಯುವ ಎಐ ಮಾಡೆಲ್) ಕಲಿಸಿದೆ. ಟೆಸ್ಟ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಸರಿ ಬಂತು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಯೋಚಿಸಿದರೆ, ಇಷ್ಟು ಸುಲಭವಾಗಿದ್ದರೆ ಯಾರೋ ಯಾವಾಗಲೋ ಮಾಡಿರಬೇಕಿತ್ತು ಅನ್ನಿಸಿತು. ತಪ್ಪು ಎಲ್ಲಿದೆ, ನೋಡಿ ಹೇಳಿ.

ಮೊದಲಸಾಲು

ಸರ್, ನಾನು ಡಿಗ್ರಿ ಎರಡನೇ ವರ್ಷ. ಟಿಇಸಿ ಅಂದರೆ ಏನು? ನೆಲದೊಳಗೆ ಆಗುವುದಕ್ಕೂ ಅಷ್ಟು ಮೇಲೆ ಇರುವುದಕ್ಕೂ ಏನು ಸಂಬಂಧ?

ಎಲ್‌ಬ್ಯಾಂಡ್

ಉಪಗ್ರಹ ಸಂಚಾರದ ಸಿಗ್ನಲ್‌ಗಳ ಮೇಲೆ ಹಲವು ವರ್ಷ ಕೆಲಸ ಮಾಡಿದ್ದೇನೆ, ಅದಕ್ಕೇ ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ನೆಲದಿಂದ ಎಪ್ಪತ್ತು ಎಂಬತ್ತು ಕಿಲೋಮೀಟರ್ ಮೇಲಿಂದ ಶುರುವಾಗಿ ಸಾವಿರದ ತನಕ ಸೂರ್ಯನ ಕಿರಣ ಗಾಳಿಯ ಕಣಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಬಿಡುಗಡೆ ಮಾಡಿರುತ್ತದೆ. ಅದೇ ಅಯಾನುಗೋಳ. ಜಿಪಿಎಸ್ ಉಪಗ್ರಹ 1575.42 ಮತ್ತು 1227.60 ಮೆಗಾಹರ್ಟ್ಸ್ ಎಂಬ ಎರಡು ಕಂಪನಾಂಕದಲ್ಲಿ ಸಿಗ್ನಲ್ ಕಳಿಸುತ್ತದೆ. ಎಲೆಕ್ಟ್ರಾನ್‌ಗಳ ನಡುವೆ ಹಾದು ಬರುವಾಗ ಎರಡೂ ತಡವಾಗುತ್ತವೆ, ಆದರೆ ಒಂದೇ ಸಮ ಅಲ್ಲ. ಆ ವ್ಯತ್ಯಾಸದಿಂದ ದಾರಿಯಲ್ಲಿ ಒಟ್ಟು ಎಷ್ಟು ಎಲೆಕ್ಟ್ರಾನ್ ಇದ್ದವು ಎಂದು ಲೆಕ್ಕ ಹಾಕಬಹುದು. ಆ ಒಟ್ಟು ಎಣಿಕೆಯೇ ಟಿಇಸಿ. ಒಂದು ಯೂನಿಟ್ ಜಾಸ್ತಿಯಾದರೆ ಮೊದಲ ಸಿಗ್ನಲ್‌ನಲ್ಲಿ ಸುಮಾರು 16 ಸೆಂಟಿಮೀಟರ್ ದೂರದಷ್ಟು ತಪ್ಪು ಬರುತ್ತದೆ.

ವಿಮಾನಗಳಿಗೆ ಈ ತಪ್ಪನ್ನು ತಿದ್ದಿ ಕೊಡುವುದೇ ನಮ್ಮ ಗಗನ್ ವ್ಯವಸ್ಥೆಯ ದೊಡ್ಡ ಕೆಲಸ. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ನಮ್ಮ ದೇಶದ ಮೇಲಿನ ಅಯಾನುಗೋಳ ತುಂಬಾ ಚಂಚಲ. ಭೂಮಿಯ ಕಾಂತ ಸಮಭಾಜಕ ನಮ್ಮ ದಕ್ಷಿಣ ತುದಿಯ ಮೇಲೆ ಹಾದುಹೋಗುತ್ತದೆ. ಅಲ್ಲಿ ಹಗಲು ಹೊತ್ತು ಎಲೆಕ್ಟ್ರಾನ್‌ಗಳು ಕಾರಂಜಿಯಂತೆ ಮೇಲೆ ಚಿಮ್ಮಿ, ಉತ್ತರದಲ್ಲಿ ಅಹಮದಾಬಾದ್, ಭೋಪಾಲ್, ಕೋಲ್ಕತ್ತಾ ಸಾಲಿನ ಆಸುಪಾಸು ಬಂದು ಇಳಿಯುತ್ತವೆ. ಸೂರ್ಯ ಜೋರಾಗಿರುವ ವರ್ಷಗಳಲ್ಲಿ ಅಲ್ಲಿ ಮಧ್ಯಾಹ್ನ ಟಿಇಸಿ ನೂರು ಯೂನಿಟ್ ದಾಟುವುದುಂಟು. ನಿನ್ನೆಗೂ ಇವತ್ತಿಗೂ ತುಂಬಾ ವ್ಯತ್ಯಾಸ ಇರುತ್ತದೆ, ಭೂಕಂಪ ಆಗಲಿ ಬಿಡಲಿ.

ಭೀಮಾತೀರ ಅವರೇ, ನಿಮ್ಮ ಮಾಡೆಲ್‌ಗೆ ಸೂರ್ಯನ ಲೆಕ್ಕ ಕೊಟ್ಟಿದ್ದೀರಾ? ಸೂರ್ಯನಿಂದ ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಎಂದು ಹೇಳುವ ಕೆಪಿ, ಡಿಎಸ್‌ಟಿ ಸೂಚ್ಯಂಕಗಳು?

ಭೀಮಾತೀರ

ಇಲ್ಲ ಮೇಡಂ. ಬರೀ ಟಿಇಸಿ.

ಮೇಷ್ಟ್ರಮನೆ

ಮೊದಲಸಾಲು, ನಿನ್ನ ಎರಡನೇ ಪ್ರಶ್ನೆ ಚೆನ್ನಾಗಿದೆ. ಎರಡು ವಿವರಣೆ ಜಾಸ್ತಿ ಕೇಳಿಬರುತ್ತವೆ. ಒಂದು, ಬಂಡೆ ಬಿರುಕು ಬಿಟ್ಟಾಗ ರೇಡಾನ್ ಅನಿಲ ಹೊರಬಂದು ನೆಲದ ಹತ್ತಿರದ ಗಾಳಿಯನ್ನು ಅಯಾನೀಕರಿಸುತ್ತದೆ, ಅದರಿಂದ ಬಿಸಿಯೂ ವಿದ್ಯುತ್ ಕ್ಷೇತ್ರವೂ ಬದಲಾಗುತ್ತವೆ ಎನ್ನುವುದು. ಪುಲಿನೆಟ್ಸ್ ಮತ್ತು ಔಜೌನೊವ್ ಇದನ್ನು ಮುಂದಿಟ್ಟರು. ಇನ್ನೊಂದು, ಒತ್ತಡಕ್ಕೆ ಸಿಕ್ಕ ಬಂಡೆಯಲ್ಲೇ ಧನ ವಿದ್ಯುದಂಶ ಹುಟ್ಟಿ ಮೇಲ್ಮೈಗೆ ಹರಿಯುತ್ತದೆ ಎನ್ನುವ ಫ್ರೀಡ್‌ಮನ್ ಫ್ರಾಯಿಂಡ್ ಅವರ ವಾದ. ಪ್ರಯೋಗಾಲಯದಲ್ಲಿ ಕಲ್ಲಿನ ತುಂಡು ಒತ್ತಿದಾಗ ವಿದ್ಯುತ್ ಬಂದದ್ದು ನಿಜ. ಆದರೆ ಹತ್ತಾರು ಕಿಲೋಮೀಟರ್ ಆಳದ ಬಂಡೆಯಿಂದ ಮುನ್ನೂರು ಕಿಲೋಮೀಟರ್ ಎತ್ತರದ ತನಕ ಆ ಪರಿಣಾಮ ಹೇಗೆ ತಲುಪುತ್ತದೆ ಎಂಬುದನ್ನು ಎಲ್ಲರೂ ಒಪ್ಪುವಂತೆ ಯಾರೂ ತೋರಿಸಿಲ್ಲ.

ಸಾಬರಮತಿ2001

ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. 2001ರ ಜನವರಿ 26ರಂದು ನಾನು ಅಹಮದಾಬಾದಿನಲ್ಲಿದ್ದೆ. ಮಗಳನ್ನು ಶಾಲೆಯ ಧ್ವಜಾರೋಹಣಕ್ಕೆ ಬಿಟ್ಟು ಮನೆಗೆ ಬಂದು ಚಹಾಕ್ಕೆ ಇಟ್ಟಿದ್ದೆ. 8:46. ಭುಜ್‌ನಿಂದ ಇನ್ನೂರು ಕಿಲೋಮೀಟರಿಗಿಂತ ದೂರ ಇದ್ದೇವೆ, ಆದರೂ ನಮ್ಮ ಹಿಂದಿನ ರಸ್ತೆಯ ಬಹುಮಹಡಿ ಕಟ್ಟಡ ಕುಸಿದು ಕೂತಿತು. ಮಗಳು ಮೈದಾನದಲ್ಲಿದ್ದಳು, ಉಳಿದಳು. ರಾಜ್ಯದಲ್ಲಿ ಸತ್ತವರು ಸರ್ಕಾರಿ ಲೆಕ್ಕದಲ್ಲೇ 13,800ಕ್ಕೂ ಜಾಸ್ತಿ.

ಕೆಲವು ವರ್ಷದ ನಂತರ ಪತ್ರಿಕೆಯಲ್ಲಿ ಓದಿದೆ. ಭುಜ್ ಭೂಕಂಪಕ್ಕೆ ಮುಂಚೆ ನೆಲ ಬಿಸಿಯಾದದ್ದು ಉಪಗ್ರಹದ ಚಿತ್ರದಲ್ಲಿ ಕಾಣುತ್ತದೆ ಅಂತ. ಓದಿದಾಗ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಕಂಡಿದ್ದರೆ ಯಾಕೆ ಯಾರೂ ಹೇಳಲಿಲ್ಲ? ಮೇಷ್ಟ್ರೇ, ಅದು ನಿಜವಾ?

ಮೇಷ್ಟ್ರಮನೆ

ಅಮ್ಮಾ, ನೀವು ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಈ ಚರ್ಚೆಯಲ್ಲಿ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ.

ಹೌದು, ಅಂಥ ಅಧ್ಯಯನಗಳು ಬಂದವು. ರೂರ್ಕಿಯ ಐಐಟಿಯ ಸರಾಫ್ ಮತ್ತು ಚೌಧುರಿ ನೋವಾ ಉಪಗ್ರಹದ ಚಿತ್ರಗಳನ್ನು ನೋಡಿ, ಭೂಕಂಪಕ್ಕೆ ಮುಂಚಿನ ದಿನಗಳಲ್ಲಿ ನೆಲದ ಉಷ್ಣಾಂಶ ಏರಿತ್ತು ಎಂದು ಬರೆದರು. ಬೇರೆ ಗುಂಪುಗಳೂ ಹಾಗೇ ಹೇಳಿದವು. ಅವರು ಪ್ರಾಮಾಣಿಕವಾಗಿ ಕಂಡದ್ದನ್ನೇ ಬರೆದರು.

2011ರಲ್ಲಿ ಬ್ಲಾಕೆಟ್, ವೂಸ್ಟರ್, ಮಲಮುಡ್ ಎಂಬ ಮೂವರು ಇದೇ ಗುಜರಾತ್ ಭೂಕಂಪವನ್ನು ಮತ್ತೆ ಕೈಗೆತ್ತಿಕೊಂಡರು. ಮೋಡಿಸ್ ಉಪಕರಣದ ಡೇಟಾ ಬಳಸಿದರು, ಭೂಕಂಪ ಆಗದ ವರ್ಷಗಳನ್ನೂ ಪಕ್ಕಕ್ಕಿಟ್ಟು ಹೋಲಿಸಿದರು. ಮೋಡ ಇದ್ದ ಕಡೆ ಉಪಗ್ರಹಕ್ಕೆ ನೆಲ ಕಾಣುವುದಿಲ್ಲ, ಆ ಜಾಗ ಖಾಲಿ ಬೀಳುತ್ತದೆ. ಖಾಲಿ ಬಿಟ್ಟು ಉಳಿದದ್ದರ ಸರಾಸರಿ ತೆಗೆದರೆ ಸರಾಸರಿಯೇ ಮೇಲೇರಿ ಬಿಡಬಹುದು. ಅಕ್ಕಪಕ್ಕದ ಸುತ್ತುಗಳ ಚಿತ್ರ ಹೊಲಿದು ಒಂದು ಮಾಡಿದಾಗಲೂ ಹೀಗೇ ಆಗುತ್ತದೆ. ಮೊದಲಿನವರು ಹೇಳಿದ ಬಿಸಿ ಈ ಖಾಲಿ ಜಾಗಗಳಿಂದ ಬಂದಿರಬಹುದು, ಭೂಕಂಪಕ್ಕೆ ಗಂಟು ಹಾಕುವಂಥ ಏರಿಕೆ ಇಲ್ಲ ಎಂದು ಅವರು ಕಂಡುಕೊಂಡರು.

ಹಾಗಾಗಿ ಆ ದಿನ ಯಾರಿಗೋ ಗೊತ್ತಿದ್ದೂ ಮುಚ್ಚಿಟ್ಟರು ಎಂದು ಸಂಕಟಪಡಬೇಡಿ. ಹೇಳಲು ಆಗುವಂಥ ಸುಳಿವು ಯಾರ ಕೈಯಲ್ಲೂ ಇರಲಿಲ್ಲ.

ಸಾಬರಮತಿ2001

ತುಂಬಾ ವರ್ಷದ ಭಾರ ಸ್ವಲ್ಪ ಇಳಿಯಿತು ಮೇಷ್ಟ್ರೇ.

ಶಿಂಚುಕನ್ನಡಿಗ

ನಾನು ತೈವಾನಿನ ಶಿಂಚುವಿನಲ್ಲಿ ಚಿಪ್ ಉದ್ಯಮದಲ್ಲಿದ್ದೇನೆ. 2024ರ ಏಪ್ರಿಲ್ 3ರ ಹ್ವಾಲಿಯೆನ್ ಭೂಕಂಪದಲ್ಲಿ ಮನೆಯ ಪುಸ್ತಕದ ಕಪಾಟು ಪೂರ್ತಿ ನೆಲಕ್ಕೆ ಬಂತು. ಈ ಟಿಇಸಿ ವಿಷಯದಲ್ಲಿ ತೈವಾನಿನವರು ತುಂಬಾ ಕೆಲಸ ಮಾಡಿದ್ದಾರೆ. ಲಿಯು ಮತ್ತು ಅವರ ತಂಡ 1999ರಿಂದ 2002ರ ನಡುವಿನ 6ಕ್ಕಿಂತ ದೊಡ್ಡ 20 ಭೂಕಂಪಗಳನ್ನು ನೋಡಿದರು. 16ರಲ್ಲಿ ಹಿಂದಿನ ಐದು ದಿನದೊಳಗೆ ಏರುಪೇರು ಕಂಡಿತು. ನೂರಕ್ಕೆ ಎಂಬತ್ತು. ನಾನು ಇದನ್ನು ಮೊದಲು ಓದಿದಾಗ ಕಥೆ ಮುಗಿಯಿತು ಅಂದುಕೊಂಡಿದ್ದೆ.

ಆಮೇಲೆ ಇಲ್ಲಿನ ಒಬ್ಬ ಸಹೋದ್ಯೋಗಿ ಊಟದ ಹೊತ್ತಲ್ಲಿ ಒಂದು ಲೆಕ್ಕ ಹಾಕಿ ತೋರಿಸಿದರು. ಅದು ಆ ಅಧ್ಯಯನದ ಅಂಕಿ ಅಲ್ಲ, ಸುಮ್ನೆ ಅರ್ಥ ಮಾಡಿಕೊಳ್ಳಲು. ಏರುಪೇರು ಎಂದು ನಾವು ಕರೆಯುವಂಥದ್ದು ಯಾವ ಕಾರಣಕ್ಕೋ ನಾಲ್ಕು ದಿನಕ್ಕೊಮ್ಮೆ ಬರುತ್ತದೆ ಅಂತಿಟ್ಟುಕೊಳ್ಳಿ. ಭೂಕಂಪಕ್ಕೆ ಸಂಬಂಧವೇ ಇಲ್ಲ. ಆದರೂ ಯಾವುದೇ ಐದು ದಿನ ತೆಗೆದರೆ ಅದರಲ್ಲಿ ಒಮ್ಮೆಯಾದರೂ ಅದು ಬೀಳುವ ಸಾಧ್ಯತೆ ನೂರಕ್ಕೆ 76. ಹತ್ತು ದಿನಕ್ಕೊಮ್ಮೆ ಬಂದರೂ ನೂರಕ್ಕೆ 41. ಅಂದರೆ ಭೂಕಂಪಕ್ಕೆ ಮುಂಚೆ ಎಷ್ಟು ಸಲ ಕಂಡಿತು ಅನ್ನುವುದು ಅರ್ಧ ಲೆಕ್ಕ. ಭೂಕಂಪ ಆಗದ ದಿನಗಳಲ್ಲಿ ಎಷ್ಟು ಸಲ ಕಂಡಿತು? ಅದನ್ನು ಕೇಳದೆ ಮುಂದೆ ಹೋಗಬಾರದು.

ಲಾಸ್‌ಕರ್ವ್

ಭೀಮಾತೀರ, ಎರಡು ಪ್ರಶ್ನೆ. ಟ್ರೈನಿಂಗ್ ಮತ್ತು ಟೆಸ್ಟ್ ಡೇಟಾ ಹೇಗೆ ಬೇರೆ ಮಾಡಿದಿರಿ? ಕಲೆಸಿ ಹಂಚಿದಿರಾ, ಅಥವಾ ವರ್ಷದ ಪ್ರಕಾರವಾ? ಇನ್ನೊಂದು, ಮಾಮೂಲಿ ಟಿಇಸಿ ಇಷ್ಟಿರಬೇಕು ಎನ್ನುವ ಗೆರೆ ಹೇಗೆ ಎಳೆದಿರಿ?

ಭೀಮಾತೀರ

ಡೇಟಾವನ್ನು ಕೆಲವು ದಿನಗಳ ತುಣುಕುಗಳಾಗಿ ಕತ್ತರಿಸಿದ್ದೆ. ಎಲ್ಲ ತುಣುಕುಗಳನ್ನು ಕಲೆಸಿ ನೂರಕ್ಕೆ ಇಪ್ಪತ್ತು ಟೆಸ್ಟ್‌ಗೆ ಇಟ್ಟೆ. ಮಾಮೂಲಿ ಗೆರೆಗೆ ಆ ದಿನದ ಹಿಂದಿನ 15, ಮುಂದಿನ 15 ದಿನಗಳ ನಡುಬೆಲೆ (ಮೀಡಿಯನ್).

ಲಾಸ್‌ಕರ್ವ್

ಎರಡೂ ಕಡೆ ಸೋರಿಕೆ ಇದೆ, ಅಂದರೆ ಮಾಡೆಲ್ ನೋಡಬಾರದ ಡೇಟಾ ಅದಕ್ಕೆ ಸಿಕ್ಕಿದೆ.

ನಿಮ್ಮ ತುಣುಕುಗಳು ಒಂದರ ಮೇಲೊಂದು ಚಾಚಿಕೊಂಡಿವೆ. ಸೋಮವಾರದ ತುಣುಕು ಟ್ರೈನಿಂಗ್‌ನಲ್ಲಿ, ಮಂಗಳವಾರದ್ದು ಟೆಸ್ಟ್‌ನಲ್ಲಿ. ಎರಡರಲ್ಲೂ ಹೆಚ್ಚುಕಡಿಮೆ ಅದೇ ಡೇಟಾ. ಮಾಡೆಲ್ ಭೂಕಂಪ ಕಲಿಯಲಿಲ್ಲ, ದಿನಗಳನ್ನು ಬಾಯಿಪಾಠ ಮಾಡಿತು. ಮೇಲಾಗಿ ‘ಇಲ್ಲ’ ದಿನಗಳೇ ಜಾಸ್ತಿ ಇರುವಾಗ ಯಾವಾಗಲೂ ‘ಇಲ್ಲ’ ಎನ್ನುವ ಮಾಡೆಲ್‌ಗೂ ತೊಂಬತ್ತರ ಹತ್ತಿರ ಅಂಕ ಬಂದುಬಿಡುತ್ತದೆ.

ಇದು ನಿಮ್ಮೊಬ್ಬರ ತಪ್ಪಲ್ಲ. ಈ ಕ್ಷೇತ್ರದ ದೊಡ್ಡವರಿಗೂ ಎಚ್ಚರ ತಪ್ಪಿದೆ. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಡೆವ್ರೀಸ್ ತಂಡ ಡೀಪ್ ಲರ್ನಿಂಗ್‌ನಿಂದ ಪಶ್ಚಾತ್ ಕಂಪನಗಳ ಜಾಗ ಊಹಿಸಿತು. ಆ ಮಾಡೆಲ್‌ನಲ್ಲಿ 13,451 ನಿಯತಾಂಕಗಳು, ಅಂದರೆ ಕಲಿಯುವಾಗ ಹೊಂದಿಸಿಕೊಳ್ಳುವ ಅಂಕಿಗಳು. ಮರುವರ್ಷ ಅದೇ ಪತ್ರಿಕೆಯಲ್ಲಿ ಮಿಗ್ನಾನ್ ಮತ್ತು ಬ್ರೊಕ್ಕಾರ್ಡೊ ಬರೀ ಎರಡು ನಿಯತಾಂಕದ ಸರಳ ಸೂತ್ರದಿಂದ ಅಷ್ಟೇ ಅಂಕ ತೆಗೆದು ತೋರಿಸಿದರು. ಹಾಗಾಗಿ ನನ್ನ ಮೊದಲ ಕೆಲಸ ಯಾವಾಗಲೂ ಇಷ್ಟೇ: ಏನೂ ಗೊತ್ತಿಲ್ಲದ ಸರಳ ಮಾಡೆಲ್ ಒಂದನ್ನು ಪಕ್ಕದಲ್ಲಿ ನಿಲ್ಲಿಸುವುದು. ಅದನ್ನು ಸೋಲಿಸದಿದ್ದರೆ ಮುಂದಿನ ಮಾತೇ ಬೇಡ.

ಭೀಮಾತೀರ

ಒಪ್ಪಿದೆ ಸರ್. ಆದರೆ ಒಂದು ಕೇಳುತ್ತೇನೆ. ಜಪಾನಿನ 2011ರ ತೊಹೊಕು ಭೂಕಂಪದಲ್ಲಿ 40 ನಿಮಿಷ ಮುಂಚೆಯೇ ಟಿಇಸಿ ಏರಿತ್ತು ಎಂದು ಹೊಕ್ಕೈಡೊ ವಿಶ್ವವಿದ್ಯಾಲಯದ ಹೆಕಿ ಅವರು ತೋರಿಸಿದ್ದಾರಲ್ಲ? ಅಲ್ಲಿ ಸಾವಿರಕ್ಕೂ ಹೆಚ್ಚು ಜಿಪಿಎಸ್ ಕೇಂದ್ರಗಳಿದ್ದವು. ಅದಂತೂ ಮೋಡದ ತೊಂದರೆ ಅಲ್ಲ.

ಎಲ್‌ಬ್ಯಾಂಡ್

ಹೆಕಿ ಅವರ ಕೆಲಸದ ಮೇಲೆ ನನಗೆ ಗೌರವವಿದೆ, ಅವರು ತಮ್ಮ ವಾದವನ್ನು ಈಗಲೂ ಬಿಟ್ಟಿಲ್ಲ. ಆದರೆ ಆಕ್ಷೇಪವೂ ಗಟ್ಟಿಯಾಗಿದೆ. 9ರ ಭೂಕಂಪ ಸಮುದ್ರವನ್ನು ಎತ್ತಿ ಹಾಕಿದ ಮೇಲೆ ಮೇಲಿನ ಅಯಾನುಗೋಳದಲ್ಲಿ ಎಲೆಕ್ಟ್ರಾನ್ ಕಡಿಮೆಯಾಗಿ ಒಂದು ಗುಂಡಿ ಬಿತ್ತು. ಮಾಮೂಲಿ ಗೆರೆಯನ್ನು ಭೂಕಂಪದ ಹಿಂದಿನ ಮತ್ತು ಮುಂದಿನ ಡೇಟಾ ಎರಡನ್ನೂ ಸೇರಿಸಿ ಎಳೆದಿದ್ದರು. ಮುಂದೆ ಗುಂಡಿ ಇರುವುದರಿಂದ ಗೆರೆ ಕೆಳಗೆ ಬಾಗುತ್ತದೆ. ಗೆರೆ ಬಾಗಿದರೆ ಹಿಂದಿನ ಮಾಮೂಲಿ ಬೆಲೆಯೂ ಏರಿದ ಹಾಗೆ ಕಾಣುತ್ತದೆ. ಕಮೊಗಾವಾ ಮತ್ತು ಕಾಕಿನಾಮಿ 2013ರಲ್ಲಿ ಹೇಳಿದ್ದು ಇದನ್ನೇ.

ನೀವು ಮುಂದಿನ 15 ದಿನ ಸೇರಿಸಿ ನಡುಬೆಲೆ ತೆಗೆದಿದ್ದೀರಿ. ಅಲ್ಲೂ ಇದೇ ಗೋಳು. ಎಚ್ಚರಿಕೆ ಕೊಡಬೇಕಾದ ದಿನ ನಾಳೆಯ ಡೇಟಾ ಕೈಯಲ್ಲಿ ಇರುವುದಿಲ್ಲ, ಅಲ್ವಾ?

ಮೊದಲಸಾಲು

ಆದರೆ 2023ರಲ್ಲಿ ಚೀನಾದಲ್ಲಿ ಎಐ ಒಂದು ವಾರ ಮುಂಚೆ ಹೇಳಿತು ಎಂದು ಬಂದಿತ್ತಲ್ಲ?

ಲಾಸ್‌ಕರ್ವ್

ಟೆಕ್ಸಸ್ ವಿಶ್ವವಿದ್ಯಾಲಯದ ತಂಡದ್ದು. ಏಳು ತಿಂಗಳ ಪರೀಕ್ಷೆ. 14 ಭೂಕಂಪಗಳನ್ನು ಸುಮಾರು 320 ಕಿಲೋಮೀಟರ್ ವ್ಯಾಪ್ತಿಯೊಳಗೆ ಸರಿಯಾಗಿ ಹೇಳಿತು, ಒಂದನ್ನು ತಪ್ಪಿಸಿಕೊಂಡಿತು, 8 ಸುಳ್ಳು ಎಚ್ಚರಿಕೆ. ನೆಲದ ಮೇಲಿನ ಕೇಂದ್ರಗಳ ಡೇಟಾ ಅದು, ಅಯಾನುಗೋಳದ್ದಲ್ಲ. ನನಗೆ ಅದರಲ್ಲಿ ಇಷ್ಟವಾದದ್ದು ಬೇರೆ: ಭೂಕಂಪ ಆಗುವ ಮೊದಲೇ ವಾರವಾರ ಬರೆದುಕೊಟ್ಟರು, ಸುಳ್ಳು ಎಚ್ಚರಿಕೆಯನ್ನೂ ಎಣಿಸಿದರು. ಆದರೆ ಚೀನಾದ ಆ ಭಾಗದಲ್ಲಿ ಸಣ್ಣ ಭೂಕಂಪ ಅಪರೂಪವಲ್ಲ, 320 ಕಿಲೋಮೀಟರ್ ಅಂದರೆ ಬೆಂಗಳೂರಿಂದ ಚೆನ್ನೈ ತನಕ ಹೆಚ್ಚುಕಡಿಮೆ.

ಕಲ್ಲುಮನೆ

ನಾನು ಸಿವಿಲ್ ಎಂಜಿನಿಯರ್, ಬೀದರ್ ಕಡೆಯವನು. ಕಿಲ್ಲಾರಿಯಲ್ಲಿ ಅಷ್ಟು ಜನ ಸಾಯಲು ಮುಖ್ಯ ಕಾರಣ ಮನೆಗಳು. ದಪ್ಪ ಕಲ್ಲಿನ ಗೋಡೆ, ಕಲ್ಲಿನ ನಡುವೆ ಬರೀ ಮಣ್ಣು, ಮೇಲೆ ಮಣ್ಣಿನ ಭಾರೀ ಮಾಳಿಗೆ. ಗೋಡೆಯ ಒಳಪದರ ಹೊರಪದರ ಒಂದಕ್ಕೊಂದು ಹಿಡಿದುಕೊಂಡಿರಲಿಲ್ಲ. ಅಲ್ಲಾಡಿದಾಗ ಎರಡು ಹೋಳಾಗಿ ಮಾಳಿಗೆ ಕೆಳಗೆ ಬಂತು. ಗೋಡೆಯಲ್ಲಿ ಅಲ್ಲಲ್ಲಿ ಉದ್ದ ಕಲ್ಲನ್ನು ಅಡ್ಡಲಾಗಿ ಹಾಯಿಸಿ, ಬಾಗಿಲ ಮೇಲ್ತುದಿಯ ಮಟ್ಟದಲ್ಲಿ ಮನೆ ಸುತ್ತ ಒಂದು ಕಾಂಕ್ರೀಟ್ ಪಟ್ಟಿ ಕಟ್ಟಿದರೆ ಜೀವ ಉಳಿಯುತ್ತದೆ. ಭೀಮಾತೀರ ಅಣ್ಣ, ನಿಮ್ಮವ್ವನ ಮನೆ ಮಾಳಿಗೆ ಮಣ್ಣಿನದಾ?

ಭೀಮಾತೀರ

ಹೌದು ಅಣ್ಣ, ಹಿಂದಿನ ಎರಡು ಕೋಣೆ. ನಿಮ್ಮ ಜೊತೆ ಬೇರೆಯಾಗಿ ಮಾತಾಡುತ್ತೇನೆ.

ಭೀಮಾತೀರ (ಎಂಟು ದಿನದ ನಂತರ)

ಎಲ್ಲರೂ ಹೇಳಿದ ಹಾಗೆ ಮತ್ತೆ ಮಾಡಿದೆ. 2018ರ ಕೊನೆಯ ತನಕ ಕಲಿಕೆ, ಆಮೇಲಿನ ವರ್ಷಗಳು ಟೆಸ್ಟ್. ಹಿಂದಿನ ದಿನಗಳಿಂದ ಮಾತ್ರ ನಡುಬೆಲೆ. ಪಕ್ಕದಲ್ಲಿ ಒಂದು ಸರಳ ಮಾಡೆಲ್, ಅದಕ್ಕೆ ಸೂರ್ಯನ ಸೂಚ್ಯಂಕ ಮತ್ತು ತಿಂಗಳು ಮಾತ್ರ ಗೊತ್ತು.

ನನ್ನ ಎಲ್‌ಎಸ್‌ಟಿಎಂ ಆ ಸರಳ ಮಾಡೆಲ್‌ಗಿಂತ ಒಂದಿಷ್ಟೂ ಮುಂದೆ ಹೋಗಲಿಲ್ಲ. ಅದು ಅತಿ ಜೋರಾಗಿ ಕೂಗಿಕೊಂಡದ್ದು 2024ರ ಮೇ 10, 11ರಂದು. ಅವತ್ತು ಬಂದದ್ದು ಭೂಕಂಪ ಅಲ್ಲ, ಸೌರ ಬಿರುಗಾಳಿ. ಲಡಾಖ್‌ನ ಹಾನ್ಲೆಯಲ್ಲೂ ಧ್ರುವಪ್ರಭೆ ಕಂಡಿತ್ತಲ್ಲ, ಅದೇ ರಾತ್ರಿ.

ಊರಿಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಮಷೀನು ಸುಳ್ಳು ಎಚ್ಚರಿಕೆ ಜಾಸ್ತಿ ಕೊಡುತ್ತದೆ ಅಂದೆ. ಅವಳು ಕೇಳಿದ್ದು ಒಂದೇ: “ಅದು ಹೇಳಿದಾಗೆಲ್ಲ ನಾವು ಹೊರಗ ಮಲಗಬೇಕಂದ್ರ ವರ್ಷಕ್ಕ ಎಷ್ಟು ರಾತ್ರಿ ಆಗ್ತದ?” ಎಣಿಸಿದೆ. ನಮ್ಮ ಭಾಗಕ್ಕೆ ವರ್ಷದಲ್ಲಿ ಮೂರು ತಿಂಗಳಿಗಿಂತ ಜಾಸ್ತಿ. ಟೆಸ್ಟ್ ವರ್ಷಗಳಲ್ಲಿ ಅಲ್ಲಿ 6ರ ಭೂಕಂಪ ಒಂದೂ ಆಗಿಲ್ಲ. 2021ರಲ್ಲಿ ಅಂಗಳದಲ್ಲಿ ಮಲಗಿದಾಗ ಅಕ್ಟೋಬರ್ ಮಳೆ ಬಂದು ಕಾಕಾನ ಉಬ್ಬಸ ಕೆರಳಿತ್ತು. ಮೂರು ತಿಂಗಳು ಅಂದರೆ ಅದು ಮೂರು ತಿಂಗಳ ಚಳಿ, ಹಾವು, ಉಬ್ಬಸ. ಇನ್ನು ಮೇಲೆ ಯಾವ ಮಾಡೆಲ್ ಕಂಡರೂ ನಾನು ಮೊದಲು ಹೊರಗೆ ಮಲಗುವ ರಾತ್ರಿಗಳನ್ನು ಎಣಿಸುತ್ತೇನೆ.

ಕಲ್ಲುಮನೆ ಅಣ್ಣ ಬಂದು ಗೋಡೆ ನೋಡಿ ಹೋದರು. ಮುಂದಿನ ತಿಂಗಳು ಮಾಳಿಗೆಯ ಮಣ್ಣು ಇಳಿಸುತ್ತೇವೆ.

ಸಾಬರಮತಿ2001

ಒಳ್ಳೆ ಕೆಲಸ ಮಾಡಿದಿರಪ್ಪ. ಅವ್ವನಿಗೆ ನನ್ನ ನಮಸ್ಕಾರ ಹೇಳಿ.

ಎಲ್‌ಬ್ಯಾಂಡ್

ಭೀಮಾತೀರ, ಕಲಿತದ್ದನ್ನು ಮೂಲೆಗೆ ಹಾಕಬೇಡಿ. ಭೂಕಂಪ ಆದ ಮೇಲೆ ಅಯಾನುಗೋಳ ಅಲ್ಲಾಡುತ್ತದೆ ಎನ್ನುವುದರಲ್ಲಿ ಯಾವ ಸಂಶಯವೂ ಇಲ್ಲ. ಸಮುದ್ರದ ತಳ ಮೇಲೆದ್ದಾಗ ಗಾಳಿಯಲ್ಲಿ ಒಂದು ಅಲೆ ಹುಟ್ಟಿ ಮೇಲೇರುತ್ತದೆ. ಎಂಟು ಹತ್ತು ನಿಮಿಷದಲ್ಲಿ ಟಿಇಸಿಯಲ್ಲಿ ಕಾಣುತ್ತದೆ. ಸುನಾಮಿ ಎದ್ದಿದ್ದರೆ ಅದರ ಗುರುತೂ ಸಿಗುತ್ತದೆ. ನಾಸಾದ ಗಾರ್ಡಿಯನ್ ವ್ಯವಸ್ಥೆ ಇದನ್ನೇ ನೋಡುವುದು, ಹುಡುಕಲು ಎಐ ಸಹಾಯವೂ ಇದೆ. 2025ರ ಜುಲೈ ಕೊನೆಯಲ್ಲಿ ಕಮ್ಚಾಟ್ಕಾದಲ್ಲಿ 8.8ರ ಭೂಕಂಪ ಆದಾಗ ಅದು ಸುಮಾರು 20 ನಿಮಿಷದಲ್ಲಿ ಸಿಗ್ನಲ್ ಗುರುತಿಸಿತು. ಹವಾಯಿಗೆ ಅಲೆ ಮುಟ್ಟಲು ಇನ್ನೂ ಸಮಯ ಇತ್ತು.

2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ತಮಿಳುನಾಡಿಗೆ ಅಲೆ ಬರಲು ಸುಮಾರು ಎರಡು ಗಂಟೆ ಹಿಡಿಯಿತು. ಎರಡು ಗಂಟೆ! ಹಿಂದೂ ಮಹಾಸಾಗರದ ಡೇಟಾ ಮೇಲೆ ಕೆಲಸ ಮಾಡುವವರು ಇನ್ನೂ ಬೇಕು.

ಮೊದಲಸಾಲು

ಅಕ್ಕ, ನಾನೂ ಸೇರಬಹುದಾ? ಎಲ್ಲಿಂದ ಶುರು ಮಾಡುವುದು?

ಎಲ್‌ಬ್ಯಾಂಡ್

ಖಂಡಿತ ಬಾ. ಇಬ್ಬರೂ 2012ರ ಏಪ್ರಿಲ್ 11ರಿಂದ ಶುರು ಮಾಡಿ. ಸುಮಾತ್ರಾದ ಪಶ್ಚಿಮಕ್ಕೆ ನಮ್ಮ ಸಮಯ ಮಧ್ಯಾಹ್ನ 2:08ಕ್ಕೆ 8.6ರ ಭೂಕಂಪ. ಎರಡು ಗಂಟೆ ಬಿಟ್ಟು 4:13ಕ್ಕೆ ಅದರ ಹತ್ತಿರವೇ 8.2ರದ್ದು. ಮೊದಲನೆಯದನ್ನು ನಿಮ್ಮ ಕಣ್ಣಲ್ಲೇ ನೋಡಿ, 2:18ರ ಸುತ್ತ ಟಿಇಸಿಯ ಗೆರೆ ಹೇಗೆ ಜಿಗಿಯುತ್ತದೆ ಅಂತ. ಎರಡನೆಯದರ ಸಮಯ ಮಾಡೆಲ್‌ಗೆ ಹೇಳಬೇಡಿ. ಅದೇ ಹುಡುಕಲಿ.